ಫೋಮ್ ಅಂಟಿಸಿದರೂ ತಬಲಾ ಸದ್ದು ಆಚೆ ಹೋಗುವುದೇಕೆ?

ಪ್ರಶ್ನೆ: ಮಗಳು ತಬಲಾ ಅಭ್ಯಾಸ ಮಾಡುವ ಕೋಣೆಯ ಗೋಡೆಗೆಲ್ಲ ಮೊಟ್ಟೆ ಟ್ರೇ, ಒಂದಿಂಚಿನ ಫೋಮ್ ಅಂಟಿಸಿದ್ದೇವೆ. ಆದರೂ ಪಕ್ಕದ ಮನೆಗೂ ಕೆಳಮನೆಗೂ ಸದ್ದು ಕೇಳುತ್ತದಂತೆ. ಏನು ಮಾಡಬೇಕು?
– ಓದುಗರು, ದಾವಣಗೆರೆ

ಉತ್ತರ: ಕೋಣೆಯೊಳಗಿನ ಮಾರ್ದನಿ ತಗ್ಗಿಸುವುದು ಬೇರೆ, ಸದ್ದು ಹೊರಹೋಗದಂತೆ ತಡೆಯುವುದು ಬೇರೆ. ಫೋಮ್ ಮಾಡುವುದು ಮೊದಲನೆಯ ಕೆಲಸವನ್ನಷ್ಟೇ. ಅದರ ರಂಧ್ರಗಳಲ್ಲಿ ಕಂಪಿಸುವ ಗಾಳಿ ತಿಕ್ಕಾಡಿ, ಶಬ್ದದ ಶಕ್ತಿ ಶಾಖವಾಗುತ್ತದೆ. ಆದರೆ ಡಗ್ಗಾದ (ತಬಲಾ ಜೋಡಿಯಲ್ಲಿ ದಪ್ಪ ದನಿಯದು) 100 ಹರ್ಟ್ಸ್‌ನ ನಾದದ ತರಂಗದ ಉದ್ದವೇ ಸುಮಾರು 3.4 ಮೀಟರ್, ಒಂದಿಂಚಿನ ಪದರ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೊಟ್ಟೆ ಟ್ರೇಗಳನ್ನಂತೂ ಇವತ್ತೇ ತೆಗೆಯಿರಿ, ಬೇಗ ಬೆಂಕಿ ಹಿಡಿಯುತ್ತವೆ.

ಸದ್ದನ್ನು ತಡೆಯುವುದು ತೂಕ. ಗಾರೆ ಮಾಡಿದ ಇಟ್ಟಿಗೆ ಗೋಡೆ ಸಾಕಷ್ಟು ಭಾರವಿರುತ್ತದೆ; ಸೋರಿಕೆ ಸಾಮಾನ್ಯವಾಗಿ ಬಾಗಿಲು, ಕಿಟಕಿಗಳಲ್ಲಿ. ಗೋಡೆಯ ವಿಸ್ತೀರ್ಣದ ಶೇ. 1ರಷ್ಟು ಸಂದಿ ಇದ್ದರೂ ಒಟ್ಟು ತಡೆ 20 ಡೆಸಿಬೆಲ್ ದಾಟದು. ರಾತ್ರಿ ಒಳಗೆ ದೀಪ ಹಾಕಿ, ಹೊರಗೆ ಕತ್ತಲಲ್ಲಿ ನಿಂತು ನೋಡಿ. ಬೆಳಕು ಕಂಡಲ್ಲೆಲ್ಲ ಸದ್ದೂ ನುಗ್ಗುತ್ತದೆ. ಚೌಕಟ್ಟಿಗೆ ರಬ್ಬರ್ ಪಟ್ಟಿ, ಬಾಗಿಲ ಅಡಿಗೆ ಸೀಲ್ ಹಾಕಿಸಿ. ಬಾಗಿಲು ಟೊಳ್ಳಾಗಿದ್ದರೆ ಗಟ್ಟಿ ಹಲಗೆಯದಕ್ಕೆ ಬದಲಿಸಿ.

ಕೆಳಮನೆಯ ದೂರಿಗೆ ಕಾರಣ ಬೇರೆ: ಡಗ್ಗಾದ ಕಂಪನ ನೇರವಾಗಿ ನೆಲಕ್ಕಿಳಿಯುತ್ತದೆ. 25 ಮಿ.ಮೀ. ಮೆತ್ತನೆಯ ರಬ್ಬರ್ ಹಾಸಿ, ಮೇಲೆ 18 ಮಿ.ಮೀ. ಪ್ಲೈವುಡ್ ಇಟ್ಟು ಅದರ ಮೇಲೆ ಕೂರಿಸಿ. ಹಲಗೆಯ ಅಂಚು ಗೋಡೆಗೆ ತಾಗಿದರೂ, ಮೊಳೆ ಹೊಡೆದು ನೆಲಕ್ಕೆ ಬಿಗಿದರೂ ಕಂಪನಕ್ಕೆ ಮತ್ತೆ ದಾರಿ ಸಿಕ್ಕಿತು, ಶ್ರಮವೆಲ್ಲ ವ್ಯರ್ಥ.