ದಾನದ ಜಾಗ ಹಳ್ಳದ ಆಚೆ ಇದೆ, ಶಾಲೆ ಅಲ್ಲೇ ಕಟ್ಟಬೇಕಾ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಸಣ್ಣ ಊರು. ಐದನೇ ತರಗತಿವರೆಗಿನ ಸರ್ಕಾರಿ ಶಾಲೆ ಸೋರುತ್ತಿದೆ, ಜಾಗವೂ ಸಾಲದು. ಹೊಸ ಕಟ್ಟಡಕ್ಕೆ ದೊಡ್ಡ ರೈತರೊಬ್ಬರು ಹಳ್ಳದ ಆಚೆ ಒಂದು ಎಕರೆ ದಾನ ಕೊಡ್ತೀನಿ ಅಂದಿದ್ದಾರೆ. ಮಕ್ಕಳು ಹಳ್ಳ ದಾಟಬೇಕಾಗುತ್ತದೆ ಅಂತ ತಾಂಡಾದವರು ಒಪ್ಪುತ್ತಿಲ್ಲ. ಪುಕ್ಕಟೆ ಜಾಗ ಬಿಡಬಾರದು ಅಂತ ಉಳಿದವರ ವಾದ. ಇದನ್ನು ತೀರ್ಮಾನ ಮಾಡುವವರು ಯಾರು? ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ.

ಉತ್ತರ: ಮಂಜೂರಾತಿ, ದುಡ್ಡು ಎರಡೂ ಮೇಲಿನಿಂದಲೇ ಬರಬೇಕು. ಆದರೆ ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವವರು ನೀವೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಆ ಕೆಲಸವನ್ನು ಶಾಲಾ ಸಮಿತಿಗೇ ಕೊಟ್ಟಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತಲೂ ಹೇಳಿದೆ. ನಿಮ್ಮ ಠರಾವು, ಗ್ರಾಮಸಭೆಯ ಠರಾವು ಎರಡೂ ಒಂದೇ ಜಾಗ ತೋರಿಸಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಅದನ್ನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಊರು ಎರಡು ಪಾಲಾದರೆ ಮಾತ್ರ ಫೈಲು ವರ್ಷಗಟ್ಟಲೆ ಮಲಗುತ್ತದೆ. ನೌಕರಿಯಲ್ಲಿದ್ದಾಗ ಅಂಥ ಫೈಲುಗಳ ಧೂಳು ನಾನೂ ಕೊಡವಿದ್ದೇನೆ.

ಈಗ ಹಳ್ಳದ ವಿಷಯ. 2010ರ ಕೇಂದ್ರ ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿ ಮಕ್ಕಳಿಗೆ ಶಾಲೆ ನಡೆದು ಹೋಗುವ 1 ಕಿಲೋಮೀಟರ್ ಒಳಗಿರಬೇಕು, ಆರರಿಂದ ಎಂಟಕ್ಕೆ 3 ಕಿಲೋಮೀಟರ್. ಇಷ್ಟು ಎಲ್ಲರಿಗೂ ಗೊತ್ತು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಓದುವುದಿಲ್ಲ. ನೆರೆ ಬರುವ, ರಸ್ತೆ ಇಲ್ಲದ, ದಾರಿಯಲ್ಲಿ ಎಳೆ ಮಕ್ಕಳಿಗೆ ಅಪಾಯ ಇರುವ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ, ಅಪಾಯ ತಪ್ಪುವಂತೆ ಶಾಲೆಯ ಜಾಗ ಆರಿಸಬೇಕು ಅಂತ. ತಾಂಡಾದವರ ತಕರಾರು ಹಟ ಅಲ್ಲ, ನಿಯಮವೇ ಅವರ ಕಡೆ ಇದೆ. ಮೊಬೈಲ್ ನಕ್ಷೆಯಲ್ಲಿ ಗೆರೆ ಎಳೆದು ಅರ್ಧ ಕಿಲೋಮೀಟರ್ ಅನ್ನಬೇಡಿ. ಒಂದನೇ ತರಗತಿಯ ಮಗುವನ್ನು ಕರೆದುಕೊಂಡು ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿ. ಯಾರ ಮನೆ ಮುಂದೆ, ಯಾವ ಓಣಿಯಲ್ಲಿ ಹಾದು ಹೋಗಬೇಕು ಅನ್ನುವುದನ್ನೂ ನೋಡಿ. ಕೆಲವು ಓಣಿಗಳಲ್ಲಿ ಕೇರಿಯ ಮಕ್ಕಳು ಇವತ್ತಿಗೂ ಹಿಂಜರಿಯುತ್ತಾರೆ. ನಮಗೆ ಒಪ್ಪಿಕೊಳ್ಳೋಕೆ ಕಷ್ಟ, ಅಷ್ಟೇ.

ಇನ್ನು ಪುಕ್ಕಟೆ ಅನ್ನುವ ಮಾತು. ಹಳ್ಳದ ದಂಡೆ ಅಂದರೆ ಬಹುಶಃ ಎರೆ (ಕಪ್ಪು ಮಣ್ಣಿನ) ಭೂಮಿ, ಅಲ್ವಾ? ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯೂ ಜೊತೆಗೆ ಬಿರಿಯುತ್ತದೆ. ಅಲ್ಲಿ ಗಟ್ಟಿ ಪಾಯ ಹಾಕಲು ಮಸಾರಿ (ಕೆಂಪು ಮಣ್ಣಿನ) ನೆಲಕ್ಕಿಂತ ಜಾಸ್ತಿ ಖರ್ಚು. ಕಾಂಪೌಂಡು, ಕೊಳವೆಬಾವಿ, ಹಳ್ಳಕ್ಕೊಂದು ಕಿರುಸೇತುವೆ ಎಲ್ಲಾ ಲೆಕ್ಕ ಹಾಕಿದರೆ ಪುಕ್ಕಟೆ ಎಲ್ಲಿ ಉಳಿಯಿತು? ಶಾಲೆ ಬಂದರೆ ರಸ್ತೆ ಬರುತ್ತದೆ, ರಸ್ತೆ ಬಂದರೆ ಪಕ್ಕದ ಹೊಲಕ್ಕೆ ಬೆಲೆ ಬರುತ್ತದೆ. ದಾನಿಗಳ ಮನಸ್ಸು ಒಳ್ಳೆಯದೇ ಇರಬಹುದು, ಸುಮ್ನೆ ಅನುಮಾನ ಪಡಬೇಡಿ. ಈ ಲೆಕ್ಕ ಮಾತ್ರ ಸಭೆಯಲ್ಲಿ ಎಲ್ಲರ ಎದುರೇ ಆಗಲಿ.

ಯಾರಿಂದಲೇ ಆಗಲಿ, ಜಾಗ ತೆಗೆದುಕೊಂಡರೆ ಬಾಯಿಮಾತಿನ ದಾನ ನಡೆಯುವುದಿಲ್ಲ. ಇಬ್ಬರು ಸಾಕ್ಷಿ ಹಾಕಿದ ದಾನಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಡುವುದಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಮಾಡಿಸಿ. ಆಮೇಲೆ ಪಹಣಿಯಲ್ಲಿ ಹೆಸರು ಬದಲಾಯಿತೇ ಅಂತ ನೋಡಿ. ಅಜ್ಜ ಮಾತಲ್ಲಿ ಕೊಟ್ಟ ಜಾಗವನ್ನು ಮೊಮ್ಮಗ ಬಂದು ಕೇಳಿದ್ದನ್ನು ನಾನು ಕಂಡಿದ್ದೇನೆ.

ಸಭೆಗೆ ಮುಂಚೆ ಅಂಗನವಾಡಿ ದಾಖಲೆ ನೋಡಿ. ಮುಂದಿನ ಐದಾರು ವರ್ಷದಲ್ಲಿ ಯಾವ ಓಣಿಯಿಂದ, ತಾಂಡಾದಿಂದ ಎಷ್ಟು ಮಕ್ಕಳು ಶಾಲೆಗೆ ಬರುತ್ತಾರೆ ಅನ್ನುವುದು ಅಲ್ಲೇ ಸಿಗುತ್ತದೆ. ಈಗಿನ ಶಾಲೆಯ ಹಾಜರಿಗಿಂತ ನಿಮಗೆ ಆ ಲೆಕ್ಕವೇ ಮುಖ್ಯ.

ಗೋಮಾಳವೋ ಗಾಂವಠಾಣವೋ (ಊರಿನ ವಸತಿ ಜಾಗ) ಈಚೆ ದಂಡೆಯಲ್ಲಿ ಉಳಿದಿದೆಯೇ ಅಂತ ಗ್ರಾಮ ಆಡಳಿತ ಅಧಿಕಾರಿಯನ್ನು (ಮೊದಲಿನ ಗ್ರಾಮ ಲೆಕ್ಕಾಧಿಕಾರಿ) ವಿಚಾರಿಸಿ. ಹಾಗೇ ಆ ರೈತರನ್ನೂ ಒಂದು ಮಾತು ಕೇಳಿ: ಹಳ್ಳದ ಈಚೆ ನಿಮ್ಮ ಹೊಲ ಇಲ್ವಾ?