ಬಸವನಗುಡಿ ಕಡಲೆಕಾಯಿ ಪರಿಷೆಯ ಉದ್ದನೆಯ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಕ್ವಾಲಿಟಿ ಕೆಡದ ಹಾಗೆ ಆ ವಿಡಿಯೊ ಕತ್ತರಿಸಿ ಬೇಕಾದ ತುಣುಕು ಜೋಡಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಲಾಸ್‌ಲೆಸ್‌ಕಟ್ ಹಾಕಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪರಿಷೆಯ ರೆಕಾರ್ಡಿಂಗ್‌ನಿಂದ ಬೇಕಾದ ತುಣುಕು ತೆಗೆದು ಜೋಡಿಸಬೇಕು ಅಂತ ಕೇಳಿದ್ದೀರಲ್ಲ, ಅದಕ್ಕೆ ಇಷ್ಟು ಸಾಕು. ಹಳೇ ಲ್ಯಾಪ್‌ಟಾಪ್‌ನಲ್ಲೂ ಬೇಗ ಮುಗಿಯುತ್ತದೆ. ಏಕೆಂದರೆ ಅದು ಚಿತ್ರವನ್ನು ಹೊಸದಾಗಿ ತಯಾರಿಸುವುದೇ ಇಲ್ಲ, ಇರುವ ಡೇಟಾವನ್ನು ಹಾಗೇ ನಕಲು ಮಾಡುತ್ತದೆ. ಕ್ವಾಲಿಟಿ ಒಂದು ಚೂರೂ ಕೆಡುವುದಿಲ್ಲ.

ಒಂದು ವಿಷಯ ಮಾತ್ರ ತಿಳಿದಿರಲಿ. ವಿಡಿಯೊದ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಬರುತ್ತದೆ, ಅದೇ ಕೀಫ್ರೇಮ್. ನಡುವಿನವು ಬೇರೆ ಫ್ರೇಮಿಗಿಂತ ಏನು ಬದಲಾಯಿತು ಅನ್ನುವುದನ್ನಷ್ಟೇ ಇಟ್ಟುಕೊಂಡಿರುತ್ತವೆ. ಹಾಗಾಗಿ ತುಣುಕು ಕೀಫ್ರೇಮ್‌ನಿಂದಲೇ ಶುರುವಾಗಬೇಕು. ನೀವು ಗುರುತು ಹಾಕಿದ ಜಾಗಕ್ಕಿಂತ ಸ್ವಲ್ಪ ಮುಂಚೆಯೇ ಶುರುವಾದರೆ ಗಾಬರಿಯಾಗಬೇಡಿ, ಸಾಫ್ಟ್‌ವೇರ್ ಕೆಟ್ಟಿಲ್ಲ. ಫ್ರೇಮಿಗೆ ಫ್ರೇಮು ಸರಿಯಾಗಿ ಕತ್ತರಿಸಲೇಬೇಕು ಅಂದರೆ ಈ ದಾರಿ ಬೇಡ.

ಜೋಡಿಸುವಾಗ ಎಲ್ಲ ತುಣುಕುಗಳ ಕೋಡೆಕ್, ಅಂದರೆ ಚಿತ್ರ ಕುಗ್ಗಿಸುವ ವಿಧಾನ, ಮತ್ತು ರೆಸಲ್ಯೂಷನ್ ಒಂದೇ ಇರಬೇಕು. ನಿಮ್ಮ ಫೋನಿನದ್ದು, ತಮ್ಮನ ಫೋನಿನದ್ದು ಬೆರೆಸಿದರೆ ಎಷ್ಟೋ ಸಲ ಸರಿಯಾಗಿ ಓಡುವುದಿಲ್ಲ. ಆಗ ಒಂದನ್ನಾದರೂ ರೀ-ಎನ್‌ಕೋಡ್ ಮಾಡಲೇಬೇಕು, ಅಂದರೆ ಇನ್ನೊಂದಕ್ಕೆ ಹೊಂದುವ ಹಾಗೆ ಹೊಸದಾಗಿ ತಯಾರಿಸಬೇಕು.