ಮೊದಲು ವರ್ಷ ಗೊತ್ತು ಮಾಡಿ, ಆಮೇಲೆ ಬಣ್ಣದ ಡಬ್ಬಿ ತೆಗೆಯಿರಿ

ಮಾದರಿ ರೈಲು ಕಟ್ಟುವವರು ಈ ಸಲ ಕೇಳಿರುವ ಪ್ರಶ್ನೆಗಳೆಲ್ಲ ಬಣ್ಣದ ಬಗ್ಗೆಯೇ. ಎಂಜಿನ್‌ಗೆ ಯಾವ ಬಣ್ಣ, ಬೋಗಿಗೆ ಯಾವುದು, ಎರಡೂ ಒಂದಕ್ಕೊಂದು ಹೊಂದುತ್ತವಾ ಅಂತ. ಆರಿಸಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಎಚ್‌ಒ ಅಳತೆಯ (ನಿಜದ 87ನೇ ಒಂದು ಪಾಲು) ಆರು ಐಸಿಎಫ್ ಬೋಗಿಗಳ (ಚೆನ್ನೈ ಕಾರ್ಖಾನೆಯ ಹಳೆಯ ಮಾದರಿ) ಕಿಟ್ ತಂದಿದ್ದೇನೆ. ಎಳೆಯೋಕೆ ಡಬ್ಲ್ಯುಎಪಿ-7 ಅನ್ನೋ ವಿದ್ಯುತ್ ಎಂಜಿನ್ ಇದೆ. ಚಿಕ್ಕವನಾಗಿದ್ದಾಗ ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ ನೋಡಿದ ಮರೂನ್ ಬಣ್ಣವೇ ಬೋಗಿಗೆ ಬೇಕು ಅಂತ ಆಸೆ. ಗೆಳೆಯರು ನೀಲಿ ಬಳಿ ಅಂತಾರೆ. ಯಾವುದು ಸರಿ?
— ಓದುಗರು, ಬೆಂಗಳೂರು

ಎರಡೂ ಸರಿ. ಆದರೆ ನಿಮ್ಮ ಎಂಜಿನ್ ಮರೂನ್‌ಗೆ ಒಪ್ಪೋದಿಲ್ಲ.

ಡಬ್ಲ್ಯುಎಪಿ-7 ಹುಟ್ಟಿದ್ದು 2000ದ ಹೊತ್ತಿಗೆ, ಚಿತ್ತರಂಜನ್ ಕಾರ್ಖಾನೆಯಲ್ಲಿ. ಬಿಳಿ ಮೈ, ಅಡ್ಡಕ್ಕೆ ಕೆಂಪು ಪಟ್ಟಿ. ಅಷ್ಟರಲ್ಲಿ ಮರೂನ್ ಬೋಗಿಗಳ ಕಾಲ ಮುಗಿಯುತ್ತಾ ಬಂದಿತ್ತು. ನಮ್ಮ ರೈಲುಗಳು ಮರೂನ್‌ನಿಂದ ನೀಲಿಗೆ ತಿರುಗಿದ್ದು 1990ರ ದಶಕದಲ್ಲಿ. ಅದು ಬರೀ ಅಂದಕ್ಕೆ ಮಾಡಿದ ಬದಲಾವಣೆ ಅಲ್ಲ. ಹಳೆಯ ವ್ಯಾಕ್ಯೂಮ್ ಬ್ರೇಕ್ ಹೋಗಿ ಏರ್ ಬ್ರೇಕ್ ಬರುತ್ತಿದ್ದ ಕಾಲ ಅದು. ಏರ್ ಬ್ರೇಕ್ ಬೋಗಿಗೆ ನೀಲಿ ಬಳಿದರು. ಯಾರ್ಡಿನಲ್ಲಿ ನಿಂತವನಿಗೆ ಯಾವುದು ಯಾವ ಬ್ರೇಕಿನದು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಹಾಗಾಗಿ ಮೂರು ಮರೂನ್, ಮೂರು ನೀಲಿ ಬೆರೆಸಿ ಒಂದೇ ರೇಕ್ (ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲು) ಮಾಡೋ ಯೋಚನೆ ಇದ್ದರೆ ಕೈಬಿಡಿ. ನೋಡೋಕೆ ಚೆನ್ನಾಗಿರಬಹುದು, ಆದರೆ ಬ್ರೇಕು ಗೊತ್ತಿರೋರು ನಗುತ್ತಾರೆ.

ಮರೂನೇ ಬೇಕು ಅಂದರೆ ಎಂಜಿನ್ ಬದಲಿಸಿ, ಡಬ್ಲ್ಯುಡಿಎಂ-2 ತನ್ನಿ. 1960ರ ದಶಕದಿಂದ ದೇಶವೆಲ್ಲ ಓಡಾಡಿದ ಡೀಸೆಲ್ ಅದು. ಒಂದೊಂದು ಡೀಸೆಲ್ ಶೆಡ್ಡಿನವರೂ ಅದಕ್ಕೆ ತಮ್ಮದೇ ಬಣ್ಣ ಬಳಿಯುತ್ತಿದ್ದರು. ಆದ್ದರಿಂದ ಶೆಡ್ಡಿನ ಹೆಸರು ಕಾಣಿಸುವ ಫೋಟೋ ಒಂದನ್ನು ಹಿಡಿದು, ಅದನ್ನೇ ಪೂರ್ತಿ ಅನುಸರಿಸಿ. ಎರಡು ಶೆಡ್ಡಿನ ಬಣ್ಣ ಕಲಸಬೇಡಿ.

ಇರೋ ಎಂಜಿನ್ನೇ ಇರಲಿ ಅನ್ನೋದಾದರೆ ಬೋಗಿ ನೀಲಿ ಮಾಡಿ. ಕಡುನೀಲಿ ಮೈ, ಕಿಟಕಿ ಸಾಲಿನುದ್ದಕ್ಕೂ ತಿಳಿನೀಲಿ ಪಟ್ಟಿ. ಬಳಿಯುವಾಗ ತಿಳಿನೀಲಿ ಮೊದಲು. ಅದು ಪೂರ್ತಿ ಒಣಗಿದ ಮೇಲೆ ಪಟ್ಟಿ ಮುಚ್ಚುವ ಹಾಗೆ, ಮೇಲೂ ಕೆಳಗೂ ಅಂಚು ನೋಡಿಕೊಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಉಗುರಿನಿಂದ ಅಂಚನ್ನು ಒತ್ತಿ. ಈಗ ಟೇಪಿನ ಅಂಚಿನ ಮೇಲೆ ಇನ್ನೊಂದು ತೆಳು ಕೋಟ್ ತಿಳಿನೀಲಿಯನ್ನೇ ಹಾಕಿ. ಬಣ್ಣ ಒಳಗೆ ಸೋರೋದಿದ್ದರೆ ಅದೇ ಬಣ್ಣ ಸೋರಿ ಸಂದು ಮುಚ್ಚುತ್ತೆ. ಆಮೇಲೆ ಕಡುನೀಲಿ ಹೊಡೆದರೆ ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಬರುತ್ತೆ. ಕಡುನೀಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ.

ಜನರಲ್ ಬೋಗಿ ಇದ್ದರೆ ತುದಿಯ ಕಿಟಕಿಗಳ ಮೇಲ್ಗಡೆ ಓರೆ ಬಿಳಿ ಪಟ್ಟೆಗಳನ್ನು ಮರೆಯಬೇಡಿ. ಕೊನೆಯ ಬೋಗಿಯ ಹಿಂಬದಿಗೆ ದೊಡ್ಡ ಇಂಟು ಗುರುತು. ಇವಿಷ್ಟರಿಂದಲೇ ಇದು ನಮ್ಮ ರೈಲು ಅಂತ ಗೊತ್ತಾಗುತ್ತೆ.

ಇನ್ನೂ ಒಂದು ದಾರಿ ಇದೆ. 2018ರ ನಂತರ ಹಳೆಯ ಬೋಗಿಗಳನ್ನು ಸುಧಾರಿಸುವ ಉತ್ಕೃಷ್ಟ ಯೋಜನೆಯಲ್ಲಿ ಐಸಿಎಫ್ ಬೋಗಿಗಳಿಗೆ ತಿಳಿಕಂದು-ಕಂದು ಬಳಿದರಲ್ಲ, ಅದೂ ನಿಮ್ಮ ಎಂಜಿನ್‌ಗೆ ಹೊಂದುತ್ತೆ. ಆದರೆ ರಾಜಧಾನಿ ಎಕ್ಸ್‌ಪ್ರೆಸ್‌ನ ಎಲ್‌ಎಚ್‌ಬಿ ಬೋಗಿಗಳ (ಐಸಿಎಫ್‌ಗಿಂತ ಹೊಸ ಮಾದರಿ) ಕೆಂಪು-ಬೂದು ಬಣ್ಣವನ್ನು ಈ ಕಿಟ್‌ಗೆ ಬಳಿಯಬೇಡಿ. ಐಸಿಎಫ್ ಬೋಗಿ ಸುಮಾರು 21.3 ಮೀಟರ್ ಉದ್ದ, ಎಲ್‌ಎಚ್‌ಬಿ ಸುಮಾರು 23.5. ಎಚ್‌ಒದ 1:87 ಅಳತೆಗೆ ಇಳಿಸಿದರೆ 245 ಮಿ.ಮೀ., 270 ಮಿ.ಮೀ. ಎರಡೂವರೆ ಸೆಂಟಿಮೀಟರ್ ಗಿಡ್ಡ ಬೋಗಿ ರಾಜಧಾನಿ ವೇಷ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ?

ಮೈಸೂರಿನ ಓದುಗರಿಗೂ ಒಂದು ಮಾತು. 1980ರ ದಶಕದಲ್ಲಿ ನಿಮ್ಮೂರಿಗೆ ಬರುತ್ತಿದ್ದದ್ದು ಕಿರಿದಾದ ಹಳಿಯ ಮೀಟರ್ ಗೇಜ್ ಗಾಡಿ. ಆ ನೆನಪು ಕಟ್ಟಬೇಕಾದರೆ ಬಣ್ಣಕ್ಕಿಂತ ಮೊದಲು ಹಳಿಯ ಅಗಲವನ್ನು ಯೋಚಿಸಬೇಕು. ರೈಲು ಮ್ಯೂಸಿಯಂಗೆ ಹೋಗಿ ಹಳೆಯ ಎಂಜಿನ್‌ಗಳ ಬಣ್ಣ ನಕಲು ಮಾಡೋರೂ ಇದ್ದಾರೆ. ಅಳತೆ ತಗೊಳ್ಳಿ, ಫೋಟೋ ತಗೊಳ್ಳಿ. ಆದರೆ ಮ್ಯೂಸಿಯಂನಲ್ಲಿ ನಿಲ್ಲಿಸಿದ ಎಂಜಿನ್‌ಗೆ ಪ್ರದರ್ಶನಕ್ಕೆ ಅಂತ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ಅದು ದುಡಿಯುತ್ತಿದ್ದಾಗಿನ ಬಣ್ಣವೇ ಅಂತ ನಂಬಬೇಡಿ.

ಪ್ರಶ್ನೆ: ಫೋನಿನಲ್ಲಿ ಫೋಟೋ ನೋಡಿಕೊಂಡೇ ನೀಲಿ ಬೆರೆಸಿದೆ. ಡಬ್ಬಿಯಲ್ಲಿ ಸರಿಯಾಗಿತ್ತು. ಬೋಗಿಗೆ ಬಳಿದ ಮೇಲೆ ಕಪ್ಪಗೆ ಕಾಣುತ್ತಿದೆ. ಏನು ತಪ್ಪಾಗಿದೆ?
— ಓದುಗರು, ಧಾರವಾಡ

ತಪ್ಪೇನಿಲ್ಲ. ವಸ್ತು ಚಿಕ್ಕದಾದಷ್ಟೂ ಅದರ ಬಣ್ಣ ಕಣ್ಣಿಗೆ ಗಾಢವಾಗುತ್ತೆ. ನಿಜವಾದ ಬೋಗಿ ಬಿಸಿಲಲ್ಲಿ ನಿಂತಿರುತ್ತೆ, ನಾವು ದೂರದಿಂದ ನೋಡುತ್ತೇವೆ, ನಡುವೆ ಧೂಳು, ಬೆಳಕು. ಮಾದರಿಯನ್ನು ಕೋಣೆಯ ಬಲ್ಬಿನಲ್ಲಿ ಒಂದಡಿ ದೂರದಿಂದ ನೋಡುತ್ತೇವೆ. ಆದ್ದರಿಂದ ನಿಜದ ಬಣ್ಣಕ್ಕೆ ನೂರಕ್ಕೆ ಹತ್ತರಷ್ಟು ಬಿಳಿ ಸೇರಿಸಿ ನೋಡಿ. ಕೆಂಪಿಗೆ ಬಿಳಿ ಸೇರಿಸಿದರೆ ಗುಲಾಬಿಯಾಗುತ್ತೆ, ಅಲ್ಲಿ ಚೂರು ಕಿತ್ತಳೆ ಅಥವಾ ತಿಳಿ ಬೂದು ಹಾಕಿ. ಕಪ್ಪು ಭಾಗಗಳಿಗೆ ಅಚ್ಚ ಕಪ್ಪು ಬೇಡವೇ ಬೇಡ, ಕಡುಬೂದು ಸಾಕು. ಚಕ್ರದ ಭಾಗದ ಕೆತ್ತನೆ ಆಗ ಮಾತ್ರ ಕಣ್ಣಿಗೆ ಬೀಳುತ್ತೆ.

ಬಣ್ಣ ನೋಡಬೇಕಾದ್ದು ರೈಲು ಓಡುವ ಟೇಬಲ್ಲಿನ ಬೆಳಕಿನಲ್ಲೇ. ಹಳದಿ ಬಲ್ಬಿನಡಿ ನೀಲಿ ಮಂಕಾಗುತ್ತೆ, ಮರೂನ್ ಕಂದಾಗುತ್ತೆ. ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಾಕುವ ತಳದ ಕೋಟ್) ಹೊಡೆದು, ಮೂರ್ನಾಲ್ಕು ಮಿಶ್ರಣ ಬಳಿದು ಹಳಿಯ ಪಕ್ಕ ಇಟ್ಟು ಹಗಲಲ್ಲೂ ರಾತ್ರಿಯಲ್ಲೂ ನೋಡಿ. ಫೋನಿನ ಸ್ಕ್ರೀನನ್ನು ನಂಬಬೇಡಿ. ಒಂದೇ ಫೋಟೋ ಎರಡು ಫೋನಿನಲ್ಲಿ ಎರಡು ಥರ ಕಾಣುತ್ತೆ.

ಪ್ರಶ್ನೆ: ನಮ್ಮ ಮನೆಯ ರೈಲ್ವೆ ಪೂರ್ತಿ ಕಾಲ್ಪನಿಕ. ನವೆಂಬರ್ ಹೊತ್ತಿಗೆ ಒಂದು ಡೀಸೆಲ್ ಎಂಜಿನ್‌ಗೆ ಕನ್ನಡ ಬಾವುಟದ ಬಣ್ಣ ಬಳಿಯಬೇಕು ಅಂತಿದ್ದೇವೆ. ಆಟಿಕೆ ಥರ ಕಾಣಬಾರದು. ಹೇಗೆ ಮಾಡೋದು?
— ಓದುಗರು, ದಾವಣಗೆರೆ

ಒಳ್ಳೇ ಆಸೆ. ನಿಮ್ಮ ಕೆಲಸ ಅರ್ಧ ಬಾವುಟವೇ ಮಾಡಿಕೊಟ್ಟಿದೆ. ಹಳದಿ ಮೇಲೆ, ಕೆಂಪು ಕೆಳಗೆ. ರೈಲ್ವೆಗಳೂ ಸಾಮಾನ್ಯವಾಗಿ ಗಾಢ ಬಣ್ಣವನ್ನು ಕೆಳಗಡೆಯೇ ಇಡುತ್ತವೆ. ಬ್ರೇಕಿನ ಧೂಳು, ಕೆಸರು ಎಲ್ಲ ಮೊದಲು ಹತ್ತೋದು ಅಲ್ಲಿಗೇ.

ಆಟಿಕೆ ಅನ್ನಿಸೋದು ಬಣ್ಣದಿಂದಲ್ಲ, ಅರ್ಧಕ್ಕರ್ಧ ಪಾಲು ಮಾಡೋದರಿಂದ. ಎರಡೂ ಸಮ ಇದ್ದರೆ ಕಣ್ಣು ಎಲ್ಲೂ ನಿಲ್ಲೋದಿಲ್ಲ. ಮೂರರಲ್ಲಿ ಎರಡು ಪಾಲು ಹಳದಿ, ಒಂದು ಪಾಲು ಕೆಂಪು ಇಡಿ. ಎರಡರ ನಡುವೆ ಕೆನೆ ಬಣ್ಣದ ಸಣ್ಣ ಗೆರೆ ಎಳೆಯಿರಿ. ನಿಜದ ಎಂಜಿನ್ ಮೇಲೆ 75 ಮಿ.ಮೀ. ಅಗಲದ ಗೆರೆ ಇದ್ದರೆ ಎಚ್‌ಒದಲ್ಲಿ ಅದು ಒಂದು ಮಿ.ಮೀ.ಗೂ ಕಡಿಮೆ. ಬ್ರಷ್‌ನಲ್ಲಿ ಎಳೆಯೋ ಸಾಹಸ ಬೇಡ. ಕೆನೆ ಬಣ್ಣದ ಮೇಲೆ ಸಣ್ಣಗೆ ಕೊಯ್ದ ಟೇಪ್ ಅಂಟಿಸಿ ಬಿಟ್ಟುಬಿಡಿ, ಕೊನೆಗೆ ಕಿತ್ತರೆ ಗೆರೆ ಸಿಗುತ್ತೆ. ಚಾವಣಿ ಬೂದು, ಅಡಿಭಾಗ ಕಡುಬೂದು. ಕೆಂಪೂ ಹಸಿ ಕೆಂಪು ಬೇಡ, ಕುಂಕುಮದ ಕಡೆಗೆ ತಿರುಗಿಸಿ.

ಹಳದಿ ಮೊಂಡು ಬಣ್ಣ, ಕೆಳಗಿನದನ್ನು ಮುಚ್ಚೋದಿಲ್ಲ. ಬೂದು ಪ್ರೈಮರ್ ಮೇಲೆ ಹೊಡೆದರೆ ಹಸಿರು ಛಾಯೆ ಬರುತ್ತೆ. ಬಿಳಿ ಪ್ರೈಮರ್ ಹಾಕಿ, ತೆಳು ಕೋಟ್ ಮೂರ್ನಾಲ್ಕು ಸಲ ಕೊಡಿ. ದಪ್ಪಗೆ ಒಂದೇ ಸಲ ಬಳಿದರೆ ಸಣ್ಣ ಬೋಲ್ಟು, ಬಾಗಿಲಿನ ಸಂದು ಎಲ್ಲ ಮುಚ್ಚಿಹೋಗುತ್ತೆ. ಹಳದಿ ಮುಗಿಸಿ ಒಂದು ದಿನ ಬಿಟ್ಟು ಕೆಂಪಿಗೆ ಹೋಗಿ. ಕೆಂಪಿನ ಮೇಲೆ ಹಳದಿ ಹೊಡೆಯೋ ಪ್ರಯತ್ನ ಯಾವತ್ತೂ ಬೇಡ.

ಕೈ ಹಾಕೋ ಮೊದಲು ಎಂಜಿನ್ನಿನ ಪಕ್ಕದ ನೋಟವನ್ನು ಕಾಗದದಲ್ಲಿ ನಾಲ್ಕೈದು ಪ್ರತಿ ತೆಗೆದು ಮಕ್ಕಳ ಕೈಗೆ ಬಣ್ಣದ ಪೆನ್ಸಿಲ್ ಕೊಡಿ. ಚೆನ್ನಾಗಿರೋದು ಆಗಲೇ ಗೊತ್ತಾಗುತ್ತೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿರೋ ಮಗಳು ಅಲ್ಲಿನ ಹೆಸರಾಂತ ಉಗಿ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಮಾದರಿ ತಂದುಕೊಟ್ಟಳು. ಕಡುಹಸಿರು, ನಂಬರ್ 60103, ಮುಂದೆ ಎರಡು ಬದಿ ತಗಡಿನ ರೆಕ್ಕೆ. ನನಗೆ ಹಳೇ ಚಿತ್ರಗಳ ತಿಳಿಹಸಿರು ಇಷ್ಟ. ಮತ್ತೆ ಬಳಿಯಬಹುದಾ?
— ಓದುಗರು, ಮಂಗಳೂರು

ಬಳಿಯಬಹುದು. ಆದರೆ ಬಣ್ಣ ಬದಲಿಸಿದರೆ ನಂಬರೂ ಬದಲಾಗಬೇಕು, ಆಕಾರವೂ ಬದಲಾಗಬೇಕು.

ಈ ಎಂಜಿನ್ ತಯಾರಾಗಿದ್ದು 1923ರಲ್ಲಿ, ಡಾನ್‌ಕಾಸ್ಟರ್‌ನಲ್ಲಿ. ಎಲ್‌ಎನ್‌ಇಆರ್ ರೈಲು ಕಂಪನಿಯ ತಿಳಿಹಸಿರು ಬಳಿದುಕೊಂಡು 4472 ನಂಬರಿನಲ್ಲಿ ಹೆಸರು ಮಾಡಿತು. ಯುದ್ಧದ ಕಾಲದಲ್ಲಿ ಕಪ್ಪಾಯಿತು. ಸರ್ಕಾರಿ ಬ್ರಿಟಿಷ್ ರೈಲ್ವೇಸ್ ಬಂದ ಮೇಲೆ 60103 ಆಯಿತು. ಸ್ವಲ್ಪ ಕಾಲ ನೀಲಿ, ಆಮೇಲೆ ನಿಮ್ಮ ಮಾದರಿಯಲ್ಲಿರುವ ಕಡುಹಸಿರು. ತಗಡಿನ ರೆಕ್ಕೆಗಳು ಹೊಗೆ ಚಾಲಕನ ಕಣ್ಣಿಗೆ ಅಡ್ಡ ಬರದಂತೆ ತಡೆಯೋಕೆ. ಅವನ್ನು ಕೂರಿಸಿದ್ದು 1961ರಲ್ಲಿ. ಅಂದರೆ ನಿಮ್ಮ ಕೈಲಿರೋದು 1961ರಿಂದ 1963ರಲ್ಲಿ ಸೇವೆಯಿಂದ ನಿವೃತ್ತಿಯಾಗುವವರೆಗಿನ ರೂಪ.

1930ರ ದಶಕದ ತಿಳಿಹಸಿರು ಬೇಕಾದರೆ ರೆಕ್ಕೆ ಕಿತ್ತು, ಜೋಡಿ ಚಿಮಣಿ ಇದ್ದರೆ ಅದನ್ನೂ ಒಂಟಿ ಮಾಡಬೇಕು. ಹಿಂದೆ ತೇಗದ ಬಣ್ಣದ ಬೋಗಿಗಳೇ ಬರಬೇಕು. ಇಷ್ಟೆಲ್ಲ ಯಾರು ಮಾಡ್ತಾರೆ ಅಂದಿರಾ? ತಪ್ಪಿಸಿಕೊಳ್ಳೋಕೆ ಒಂದು ಕಿಂಡಿಯೂ ಇದೆ. ಎಂಜಿನ್ ಖಾಸಗಿಯವರ ಕೈಗೆ ಹೋದ ಮೇಲೆ, 2000ದ ದಶಕದ ಮೊದಲ ವರ್ಷಗಳಲ್ಲಿ, ರೆಕ್ಕೆ ಸಮೇತ ತಿಳಿಹಸಿರು ಬಳಿದು 4472 ಅಂತ ಓಡಿಸಿದ್ದೂ ಉಂಟು. ಶುದ್ಧತೆ ಬಯಸೋರಿಗೆ ಆ ಜೋಡಣೆ ಕಣ್ಣಿಗೆ ಚುಚ್ಚಿತ್ತು. ನಿಮಗೆ ಅದು ಅನುಕೂಲ. ಆದರೆ ಆಗ ಹಿಂದೆ ತೇಗದ ಬೋಗಿ ಜೋಡಿಸಿ 1930 ಅಂತ ಹೇಳಬೇಡಿ.

ನನ್ನನ್ನು ಕೇಳಿದರೆ, ಮಗಳು ಕೊಟ್ಟದ್ದನ್ನು ಕಾರ್ಖಾನೆಯ ಬಣ್ಣದಲ್ಲೇ ಬಿಡಿ. ಅಷ್ಟು ನವಿರು ಗೆರೆಗಳನ್ನು ಮನೆಯಲ್ಲಿ ಮತ್ತೆ ತರೋದು ಕಷ್ಟ. ತಿಳಿಹಸಿರಿಗೆ ಮುರಿದುಹೋದ ಹಳೇ ಮಾದರಿ ಒಂದನ್ನು ಅಗ್ಗಕ್ಕೆ ಹುಡುಕಿಕೊಳ್ಳಿ.

ಪ್ರಶ್ನೆ: ಬಾಕ್ಸ್‌ಎನ್ ವ್ಯಾಗನ್‌ಗಳಿಗೆ (ಮೇಲೆ ತೆರೆದ ಸರಕು ಬೋಗಿ) ಸ್ಪ್ರೇ ಡಬ್ಬಿಯಿಂದ ಹೊಳಪು ವಾರ್ನಿಷ್ ಹೊಡೆದೆ. ಬಿಳಿ ಮಂಜು ಕವಿದ ಹಾಗಾಗಿದೆ. ಎಲ್ಲಾ ಕೆರೆದು ತೆಗೀಬೇಕಾ?
— ಓದುಗರು, ಸಾಗರ

ಬೇಡ, ಬೇಡ. ಮಳೆಗಾಲದಲ್ಲಿ ಹೊಡೆದಿದ್ದೀರಿ ಅನ್ನಿಸುತ್ತೆ. ಸ್ಪ್ರೇ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲೇ ಸಿಕ್ಕಿಕೊಳ್ಳುತ್ತೆ. ಬಿಸಿಲು ಬಿದ್ದ ಒಣ ದಿನ ನೋಡಿ, ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಅದೇ ವಾರ್ನಿಷ್‌ನ ಒಂದು ತೆಳು ಕೋಟ್ ಹೊಡೆಯಿರಿ. ಬಹಳ ಸಲ ಮಂಜು ಅದರಲ್ಲೇ ಕರಗುತ್ತೆ. ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟದೆ, ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ಬಳಿಯೋದು ವಾಸಿ.

ಹೊಳಪು ವಾರ್ನಿಷ್ ಹಾಕಿದ್ದು ಒಳ್ಳೇದೇ ಆಯಿತು. ನಂಬರಿನ ಡೀಕಾಲ್ (ಮೈಗೆ ಅಂಟಿಸುವ ತೆಳು ಅಚ್ಚು) ನಯವಾದ ಮೈ ಮೇಲೆ ಅಂಚು ಕಾಣದೆ ಕೂರುತ್ತೆ. ಡೀಕಾಲ್ ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಕಲ್ಲಿದ್ದಲು ಹೊರುವ ವ್ಯಾಗನ್ ಹೊಳೆಯಬಾರದು. ಒಳಗೋಡೆಗೆ ಕಪ್ಪು ಪುಡಿ, ಹೊರಗೆ ತುಕ್ಕು ಬಣ್ಣವನ್ನು ಸ್ಪಂಜಿನ ಚೂರಿನಲ್ಲಿ ಅಲ್ಲಲ್ಲಿ ಒತ್ತಿ. ಹತ್ತು ವ್ಯಾಗನ್ ಇದ್ದರೆ ಹತ್ತಕ್ಕೂ ಒಂದೇ ಥರ ಕೊಳೆ ಮಾಡಬೇಡಿ. ಒಂದೆರಡು ಈಗಷ್ಟೇ ವರ್ಕ್‌ಶಾಪಿನಿಂದ ಬಂದಂತಿರಲಿ, ಒಂದು ತೀರಾ ಹಳತಾಗಿರಲಿ.